ಪಾಸ್‌ಪೋರ್ಟಿನ ಕೆಂಪು ಕಲೆ

"ನಿಮ್ಮ ಕೈಯಲ್ಲೇ ಆಗಿರೋದು ಇದು. ನಾನು ಕೊಡೋವಾಗ ಚೆನ್ನಾಗೇ ಇತ್ತು!"

ಕೌಂಟರಿನ ಮೇಲೆ ಅಂಗೈ ಬಡಿದು ಅವನು ಹಾಗೆಂದಾಗ ಹಿಂದೆ ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಇಬ್ಬರು ಫೋನನ್ನೂ ಎತ್ತಿ ಹಿಡಿದರು.

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಅಕ್ಷತ ವಿಮಾನ ಕಂಪನಿಯೊಂದರ ಚೆಕ್-ಇನ್ ಕೆಲಸಕ್ಕೆ ಸೇರಿ ಹನ್ನೊಂದು ತಿಂಗಳಾಗಿತ್ತು. ಇನ್ನೊಂದು ತಿಂಗಳು ದೂರಿಲ್ಲದೆ ಕಳೆದರೆ ಕೆಲಸ ಕಾಯಂ. ದೊಡ್ಡಬೆಳವಂಗಲದ ಮನೆಯಲ್ಲಿ ಎಲ್ಲರೊಡನೆ ಜಗಳವಾಡಿ ಹಿಡಿದ ಕೆಲಸ ಅದು. ಇಂಥ ಹೊತ್ತಿನಲ್ಲೇ ಈ ಮನುಷ್ಯ ಬಂದು ವಕ್ಕರಿಸಬೇಕೆ?

ಅವನು ಅಂಜನ್. ದೊಡ್ಡಬಳ್ಳಾಪುರದಲ್ಲಿ ಮಗ್ಗ ರಿಪೇರಿ ಮಾಡುವವನು. ಇಥಿಯೋಪಿಯಾದ ಬಟ್ಟೆ ಮಿಲ್ಲೊಂದರಲ್ಲಿ ಮೆಕ್ಯಾನಿಕ್ ಕೆಲಸ ಸಿಕ್ಕಿ, ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಲು ಬಂದಿದ್ದ. ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ ಕವರಿನ ಸಮೇತ ಕೊಟ್ಟಿದ್ದ. ಬಿಚ್ಚಿದವಳು ಅವಳು.

ಫೋಟೋ ಇದ್ದ ಪುಟದಲ್ಲಿ ಅವನ ಹಣೆಯಿಂದ ಹಿಡಿದು ಕೆಳಗಿನ ಎರಡು ಸಾಲು ಅಕ್ಷರಗಳವರೆಗೂ ಕೆಂಪಗೆ ಮೆತ್ತಿಕೊಂಡಿತ್ತು. ಇನ್ನೂ ಹಸಿ. ಮೇಲಿನ ಪದರದ ಅಂಚು ಎದ್ದು ಬಣ್ಣ ಒಳಕ್ಕೆ ಇಳಿದಿತ್ತು. ಮೂರು ಸಲ ಯಂತ್ರಕ್ಕೆ ಹಿಡಿದಳು, ಮೂರು ಸಲವೂ ಅದು ಓದಲಿಲ್ಲ. ಹಾಳಾದ ಪಾಸ್‌ಪೋರ್ಟಿನಲ್ಲಿ ಯಾರನ್ನೂ ವಿಮಾನ ಹತ್ತಿಸುವಂತಿಲ್ಲ ಎಂದು ಸೂಪರ್‌ವೈಸರ್ ಮುರಳಿಯೂ ಬಂದು ಹೇಳಿದ.

ಅಷ್ಟರಲ್ಲಿ ಅಂಜನ್ ಅವಳ ಹೆಬ್ಬೆರಳು ನೋಡಿದ್ದ. ಕೆಂಪಗಿತ್ತು! ಪಕ್ಕದಲ್ಲೇ ಕೆಂಪು ಸ್ಟ್ಯಾಂಪ್ ಪ್ಯಾಡ್ ಬೇರೆ ಬಾಯಿ ತೆರೆದುಕೊಂಡು ಕೂತಿತ್ತು.

ಬಣ್ಣ ಪಾಸ್‌ಪೋರ್ಟಿನಿಂದ ಬೆರಳಿಗೆ ಹತ್ತಿದ್ದೆಂದು ಅವಳು ಎಷ್ಟು ಹೇಳಿದರೂ ಅವನ ಕಿವಿಗೆ ಬೀಳಲಿಲ್ಲ. ವಿಮಾನ ಹೋಯಿತು. ಅವನು ಅಲ್ಲೇ ಕುಳಿತು ಎರಡು ಪುಟದ ದೂರು ಬರೆದ. ಉದ್ಯೋಗಿಯ ಬೇಜವಾಬ್ದಾರಿಯಿಂದ ತನ್ನ ಬದುಕು ಹಾಳಾಯಿತೆಂದು ಬರೆದು, ಅವಳ ಹೆಸರನ್ನು ಎರಡು ಸಲ ಅಡಿಗೆರೆ ಹಾಕಿ ನಮೂದಿಸಿದ.

'ಎಂಥ ಕೊಬ್ಬು ಇವನಿಗೆ...' ಎಂದು ಅವಳ ಮೈಯೆಲ್ಲ ಉರಿಯಿತು.

ಸಂಜೆ ಮುರಳಿ ಅವಳ ಗುರುತಿನ ಪಾಸನ್ನು ಕೇಳಿ ತೆಗೆದುಕೊಂಡ. ಶುಕ್ರವಾರ ವಿಚಾರಣೆ, ಅಲ್ಲಿಯವರೆಗೆ ಬರುವುದು ಬೇಡ ಎಂದ. ಆ ಪಾಸಿಲ್ಲದೆ ನಿಲ್ದಾಣದ ಒಳಗೆ ಕಾಲಿಡುವಂತಿಲ್ಲ. ಹನ್ನೊಂದು ತಿಂಗಳು ಕತ್ತಿನಲ್ಲಿ ನೇತಾಡಿದ್ದು ಈಗ ಮುರಳಿಯ ಮೇಜಿನ ಡ್ರಾಯರಿನಲ್ಲಿತ್ತು. ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿಕೊಂಡು ಅತ್ತಳು.

ಅತ್ತು ಸುಮ್ಮನಾಗುವ ಹುಡುಗಿಯಲ್ಲ ಅವಳು. ದೂರಿನ ನಕಲಿನಲ್ಲಿ ವಿಳಾಸ, ಫೋನ್ ನಂಬರ್ ಎರಡೂ ಇದ್ದವು. ಬುಧವಾರ ಬೆಳಿಗ್ಗೆ ದೊಡ್ಡಬಳ್ಳಾಪುರದ ಬಸ್ಸು ಹತ್ತಿದಳು. ಅವನ ಮನೆಯ ಮುಂದೆಯೇ ನಿಂತು, ಬೀದಿಯವರಿಗೆಲ್ಲ ಕೇಳುವಂತೆ ಬೈದು ಬರಬೇಕೆಂಬುದೊಂದೇ ಮನಸ್ಸಿನಲ್ಲಿತ್ತು.

ಆ ಬೀದಿಯಲ್ಲಿ ಯಾರು ಬೈದರೂ ಯಾರಿಗೂ ಕೇಳುತ್ತಿರಲಿಲ್ಲ. ಮನೆಮನೆಯಲ್ಲೂ ಮಗ್ಗ, ಒಂದೇ ಸಮನೆ ಸದ್ದು. ಬಾಗಿಲು ತೆರೆದವರು ಅವನ ತಾಯಿ ಭಾಗ್ಯಮ್ಮ. ಏರ್‌ಪೋರ್ಟ್ ಆಫೀಸಿನಿಂದ ದೂರಿನ ವಿಷಯಕ್ಕೆ ಬಂದಿದ್ದೇನೆ ಎಂದಿದ್ದೇ ತಡ, ಮಗ್ಗ ನಿಲ್ಲಿಸಿ, ಚಾಪೆ ಹಾಸಿ, ಲೋಟದ ತುಂಬ ಮಜ್ಜಿಗೆ ತಂದಿಟ್ಟರು. ಅಂಜನ್ ಅಂಗಡಿಗೆ ಹೋಗಿದ್ದಾನೆ, ಈಗ ಬರುತ್ತಾನೆ ಎಂದರು.

"ಯಾವಳೋ ಹಾಳಾದೋಳು ಕಣಮ್ಮ, ನನ್ ಮಗನ ಅನ್ನಕ್ಕೆ ಮಣ್ಣು ಹಾಕ್ಬಿಟ್ಳು" ಎಂದು ಕಣ್ಣೊರೆಸಿಕೊಂಡರು.

ಹಾಳಾದೋಳು ಮಜ್ಜಿಗೆ ಕುಡಿಯುತ್ತಾ ಕುಳಿತಿದ್ದಳು. ಹೇಳಬೇಕೆಂದಿದ್ದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ಅತ್ತಿತ್ತ ನೋಡಿದಳು. ಮಗ್ಗದ ಮೋಟಾರಿಗೆ ಅರಿಶಿನ ಕುಂಕುಮ. ಗೋಡೆಯ ಕರೆಂಟ್ ಮೀಟರಿಗೆ ಅರಿಶಿನ ಕುಂಕುಮ. ಮೂಲೆಯಲ್ಲಿದ್ದ ಬಿಲ್ ಪುಸ್ತಕದ ನಾಲ್ಕೂ ತುದಿಗೆ ಅರಿಶಿನ, ನಡುವೆ ಒದ್ದೆ ಕುಂಕುಮದ ದೊಡ್ಡ ಬೊಟ್ಟು.

ಅವಳು ಬಿಲ್ ಪುಸ್ತಕದತ್ತ ಬಾಗಿ ನೋಡಿದಳು. ಆ ಪಾಸ್‌ಪೋರ್ಟಿನ ಮೂಲೆಗಳು ಹಳದಿಯಾಗಿದ್ದವು. ಹಳೆಯದಾಗಿ ಹಾಗಾಗಿದೆ ಎಂದುಕೊಂಡಿದ್ದಳು...

"ಎಲ್ಲಕ್ಕೂ ಪೂಜೆ ಮಾಡ್ತೀರಾ ಅಮ್ಮ?" ಎಂದು ಮೆಲ್ಲಗೆ ಕೇಳಿದಳು.

"ಮಾಡ್ದೆ ಇರ್ತೀನಾ? ಅವತ್ತು ಹೊರಡೋವಾಗ ಅವನ ಆ ನೀಲಿ ಪುಸ್ತಕಕ್ಕೂ ಮಾಡ್ದೆ. ಫೋಟೋದಲ್ಲಿ ನನ್ ಮಗನ ಹಣೆ ಬರೀದಾಗಿತ್ತು, ನಾನೇ ಕುಂಕುಮ ಇಟ್ಟೆ. ಅವ್ನಿಗೂ ಹೇಳಿಲ್ಲ, ಬಸ್ಸಿಗೆ ಹೊತ್ತಾಯ್ತು ಅಂತ ಕವರ್ನಲ್ಲಿ ಹಾಕಿ ಕೊಟ್ಬಿಟ್ಟೆ. ಇಷ್ಟೆಲ್ಲಾ ಮಾಡಿದ್ರೂ ಅವಳ ಕಣ್ಣು ಬಿತ್ತಲ್ಲಮ್ಮ..."

ಬಾಗಿಲಲ್ಲಿ ನೆರಳು ಬಿತ್ತು. ಅಂಜನ್ ನಿಂತಿದ್ದ. ತಾಯಿಯ ಮಾತು ಪೂರ್ತಿ ಕೇಳಿಸಿಕೊಂಡಿದ್ದ. ಅವನ ಮುಖದ ರಕ್ತವೆಲ್ಲ ಇಳಿದುಹೋಗಿತ್ತು.

ಈಗ ಹೇಳಿಬಿಡು ಎಂದಿತು ಅಕ್ಷತಳ ಮನಸ್ಸು. ಒಂದು ಮಾತು ಸಾಕು, ಕೆಲಸ ಉಳಿಯುತ್ತದೆ. ಆದರೆ ಎದುರಿಗೆ ಕುಳಿತಿದ್ದ ಆ ಹೆಂಗಸು, ಮಗ ಊರು ದಾಟಲಾರದೆ ಹೋದದ್ದಕ್ಕೆ ಮೂರು ದಿನದಿಂದ ಅತ್ತು ಕಣ್ಣು ಊದಿಸಿಕೊಂಡಿದ್ದರು. ಅದು ತನ್ನ ಕೈಯಿಂದಲೇ ಆದದ್ದೆಂದು ತಿಳಿದರೆ?

ಲೋಟ ಕೆಳಗಿಟ್ಟು ಎದ್ದಳು. "ಮಜ್ಜಿಗೆ ಚೆನ್ನಾಗಿತ್ತಮ್ಮ, ಬರ್ತೀನಿ" ಎಂದಳು, ಅಷ್ಟೇ.

ಬೀದಿಯ ತುದಿಯಲ್ಲಿ ಅವನು ಹಿಂದಿನಿಂದ ಬಂದು ಅಡ್ಡ ನಿಂತ. ಕೃತಜ್ಞತೆ ಹೇಳಲು ಬಂದನೆಂದು ನೀವು ಅಂದುಕೊಂಡರೆ ಅವನ ಹಟ ನಿಮಗೆ ಗೊತ್ತಿಲ್ಲ.

"ಶುಕ್ರವಾರ ವಿಚಾರಣೆಗೆ ನನ್ನೂ ಕರ್ದಿದ್ದಾರೆ. ಅಲ್ಲಿ ಹೇಳ್ತೀರಲ್ವಾ, ನಮ್ಮಮ್ಮನ ಹೆಸರು?"

"ಹೇಳೋಳಾಗಿದ್ರೆ ಅವರ ಮುಂದೇನೇ ಹೇಳ್ತಿದ್ದೆ. ನಿಮಗೆ ಯಾರ ಮೇಲೂ ನಂಬಿಕೆ ಇಲ್ಲ ಅನ್ಸತ್ತೆ."

ತಪ್ಪು ವಿಮಾನ ಕಂಪನಿಯದೇ ಎಂದು ಪತ್ರ ತಂದರೆ ಮಾತ್ರ ಮಿಲ್ಲಿನವರು ಜಾಗ ಉಳಿಸಿಕೊಳ್ಳುತ್ತಾರೆ, ಎರಡು ವರ್ಷ ಕಾದು ಸಿಕ್ಕಿದ ಕೆಲಸ, ದೂರು ಹಿಂದಕ್ಕೆ ತೆಗೆದುಕೊಂಡರೆ ಅದೂ ಹೋಯಿತು ಎಂದು ಅವನು ಗಡುಸಾಗಿಯೇ ಹೇಳಿದ. ಹಾಗಾದರೆ ತನ್ನ ಕೆಲಸ ಕೆಲಸವಲ್ಲವೇ ಎಂದು ಅವಳೂ ಕೇಳಿದಳು. ಅವನು ನೆಲ ನೋಡಿದ.

"ನಿಮ್ಮಮ್ಮನಿಗೋಸ್ಕರ ಸುಮ್ನಿರ್ತೀನಿ. ನಿಮಗೋಸ್ಕರ ಅಲ್ಲ" ಎಂದು ಬಸ್ಸು ಹತ್ತಿದವಳು ತಿರುಗಿಯೂ ನೋಡಲಿಲ್ಲ.

ಶುಕ್ರವಾರ ಆಫೀಸಿನಲ್ಲಿ ಮೂವರು ಅಧಿಕಾರಿಗಳು ಮೇಜಿನ ಆಚೆ ಕುಳಿತಿದ್ದರು. ಕಲೆ ಹೇಗಾಯಿತು ಎಂದು ಕೇಳಿದಾಗ ತನಗೆ ಗೊತ್ತಿಲ್ಲ ಎಂದಳು ಅಕ್ಷತ. ಬದುಕಿನಲ್ಲಿ ಇಷ್ಟು ದೊಡ್ಡ ಸುಳ್ಳು ಅವಳು ಹೇಳಿರಲಿಲ್ಲ. ಮುರಳಿ ಅಯ್ಯೋ ಎನ್ನುವಂತೆ ತಲೆ ಅಲ್ಲಾಡಿಸಿದ.

ಆಮೇಲೆ ಅಂಜನ್‌ನನ್ನು ಕೇಳಿದರು. ಬಂದಾಗಿನಿಂದ ಒಮ್ಮೆಯೂ ಅವಳತ್ತ ನೋಡದಿದ್ದವನು ಈಗ ನೋಡಿದ.

"ಇವರದ್ದೇನೂ ತಪ್ಪಿಲ್ಲ ಸಾರ್. ಮನೇಲೇ ಆಗಿದ್ದು. ನಾನೇ ಕುಂಕುಮ ಹಚ್ಚಿದ್ದೆ, ಪೂಜೆಗೆ. ಸಿಟ್ಟಲ್ಲಿ ಇವರ ಮೇಲೆ ಹಾಕ್ಬಿಟ್ಟೆ."

ಅಧಿಕಾರಿಗಳು ಅವನನ್ನು ಚೆನ್ನಾಗಿ ಉಗಿದರು. ಒಂದು ಹುಡುಗಿಯ ಅನ್ನ ಕಿತ್ತುಕೊಳ್ಳಲು ಹೊರಟಿದ್ದೆಯಲ್ಲ ಎಂದರು. ಅವನು ತಲೆ ತಗ್ಗಿಸಿಕೊಂಡು ಅಷ್ಟನ್ನೂ ಕೇಳಿಸಿಕೊಂಡು, ದೂರು ಹಿಂತೆಗೆದುಕೊಂಡ ಕಾಗದಕ್ಕೆ ಸಹಿ ಹಾಕಿ ಎದ್ದುಹೋದ.

ಮುರಳಿ ಪಾಸನ್ನು ಅವಳ ಕೈಗಿತ್ತ. ಸಂತೋಷವಾಗಬೇಕಿತ್ತು ಅವಳಿಗೆ. ಆಗಲಿಲ್ಲ. ಅವನನ್ನು ದ್ವೇಷಿಸುವುದೇ ಎಷ್ಟೋ ಸುಲಭವಾಗಿತ್ತು. ಈಗ ಪ್ರತಿದಿನ, ಅವನು ಹತ್ತಬೇಕಿದ್ದ ಹತ್ತೂವರೆಯ ವಿಮಾನದ ಸಾಲು ಬೆಳೆಯುವಾಗಲೆಲ್ಲ ಅವಳ ಕಣ್ಣು ಯಾರನ್ನೋ ಹುಡುಕುತ್ತಿತ್ತು. 'ಇದೇನು ಹುಚ್ಚು ನಿನಗೆ...' ಎಂದು ತನ್ನನ್ನು ತಾನೇ ಗದರಿಕೊಂಡಳು.

ಎರಡು ವಾರ ತಡೆದು ತಾನೇ ಫೋನ್ ಮಾಡಿದಳು. ಮಿಲ್ಲಿನವರು ಬೇರೆಯವರನ್ನು ಕರೆಸಿಕೊಂಡಿದ್ದರು. ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಿರಾ ಎಂದರೆ ಇಲ್ಲ ಎಂದ. ಯಾಕೆ ಎಂದರೆ ಮನಸ್ಸಿಲ್ಲ ಎಂದ. ಅವಳಿಗೆ ಮತ್ತೆ ರೇಗಿತು.

"ಭಾನುವಾರ ಹತ್ತು ಗಂಟೆಗೆ ನಿಮ್ಮೂರ ಬಸ್ ಸ್ಟ್ಯಾಂಡ್ ಹತ್ರ ಇರೋ ಸೈಬರ್ ಸೆಂಟರ್‌ಗೆ ಬನ್ನಿ. ಬರ್ದೇ ಇದ್ರೆ ಮನೆಗೇ ಬರ್ತೀನಿ."

ಅವನು ಬಂದ. ಬಂದು, ಬೇಕಾದ ಅಫಿಡವಿಟ್ಟನ್ನೇ ತಂದಿರಲಿಲ್ಲ. ಬೈಸಿಕೊಂಡ. ಮುಂದಿನ ಭಾನುವಾರ ಅಫಿಡವಿಟ್ ತಂದ, ಆಧಾರ್ ಕಾರ್ಡ್ ಮರೆತ. ಒಂದು ಕೆಲಸ ನೆಟ್ಟಗೆ ಮಾಡಲು ಬರುವುದಿಲ್ಲವೇ ಎಂದು ಅವಳು ಹರಿಹಾಯ್ದಳು. ಬೈಯಲಿಕ್ಕೆಂದೇ ಊರಿಂದ ಬರುತ್ತೀರಾ ಎಂದು ಅವನೂ ಕೇಳಿದ. ಸೈಬರ್ ಸೆಂಟರಿನ ಬೈರಣ್ಣ ಇವರಿಗೆ ಮೂಲೆಯ ಕಂಪ್ಯೂಟರನ್ನೇ ಬಿಟ್ಟುಕೊಟ್ಟ. ಉಳಿದ ಗಿರಾಕಿಗಳಿಗೆ ತೊಂದರೆ ಬೇಡವೆಂದು.

ಆದರೂ ಗುರುವಾರದಿಂದಲೇ ಅವಳ ಮನಸ್ಸು ಭಾನುವಾರವನ್ನು ಎಣಿಸುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮೂರನೆಯ ಭಾನುವಾರ ಎಲ್ಲ ಕಾಗದವೂ ಇತ್ತು. ಅವಳು ಕೀಬೋರ್ಡಿನ ಮುಂದೆ ಕುಳಿತಳು, ಅವನು ಪಕ್ಕದ ಸ್ಟೂಲಿನ ಮೇಲೆ. ಹೆಸರು, ವಿಳಾಸ, ತಂದೆ, ತಾಯಿ. ಅವಿವಾಹಿತ ಎಂಬಲ್ಲಿ ಗುರುತು ಹಾಕಿದಳು. ಆಮೇಲೆ ಬಂದದ್ದು, ತುರ್ತು ಸಮಯದಲ್ಲಿ ಯಾರನ್ನು ಸಂಪರ್ಕಿಸಬೇಕು ಎಂಬ ಕಾಲಂ.

"ನಿಮ್ಮಮ್ಮನ ನಂಬರ್ ಹೇಳಿ."

ಅವನು ಒಂದೊಂದೇ ಅಂಕಿ ಹೇಳುತ್ತಾ ಹೋದ. ಆರನೆಯ ಅಂಕಿಗೆ ಅವಳ ಬೆರಳು ನಿಂತಿತು.

"ಇದು ನನ್ನ ನಂಬರ್."

"ಹೌದು. ಅಮ್ಮನಿಗೆ ಫೋನ್ ಬಂದ್ರೆ ಗಾಬರಿ ಆಗ್ತಾಳೆ. ನೀವಾದ್ರೆ ಮೊದ್ಲು ಬೈತೀರ, ಆಮೇಲೆ ಓಡಿ ಬರ್ತೀರ."

ಅವಳು ತೆರೆಯಿಂದ ಕಣ್ಣು ಕೀಳಲಿಲ್ಲ. ಕಿವಿಯವರೆಗೂ ಬಿಸಿಯೇರಿತ್ತು.

"ಅಮ್ಮ ದಿನಾ ಇಬ್ಬರು ಹುಡುಗೀರ ವಿಷಯ ಎತ್ತುತ್ತಾಳೆ" ಎಂದ ಅವನು, ಮೆತ್ತಗಿನ ದನಿಯಲ್ಲಿ. "ಪಾಸ್‌ಪೋರ್ಟ್ ಹಾಳು ಮಾಡ್ದೋಳು ಉದ್ಧಾರ ಆಗಲ್ಲ ಅಂತಾಳೆ. ಮಜ್ಜಿಗೆ ಕುಡ್ದು ಹೋದೋಳಿಗೆ ಮದ್ವೆ ಆಗಿದ್ಯಾ ಅಂತ ಕೇಳ್ತಾಳೆ."

"ನೀವೇನಂದ್ರಿ?"

"ಮೊದಲನೇದಕ್ಕೆ, ಅವಳದ್ದೇನೂ ತಪ್ಪಿಲ್ಲ, ಇನ್ಮೇಲೆ ಬೈಬೇಡ ಅಂದೆ. ಎರಡನೇದಕ್ಕೆ... ಕೇಳ್ಕೊಂಡು ಬರ್ತೀನಿ ಅಂದಿದ್ದೀನಿ. ಅವತ್ತು ನಿಮ್ಮ ಕೆಲಸ ಹೋಗ್ತಿದ್ರೂ ನೀವು ಬಾಯಿ ಬಿಡ್ಲಿಲ್ಲ. ಆ ಹೊತ್ತಿಂದ ನನಗೆ ನೀವು ಬಿಟ್ರೆ ಬೇರೆ ಯಾರೂ ಬೇಡ ಅನ್ಸಿದೆ."

ಅಕ್ಷತ ಉಳಿದ ನಾಲ್ಕು ಅಂಕಿಗಳನ್ನು ತಾನೇ ಒತ್ತಿದಳು.

"ಈಗ ಅವಿವಾಹಿತ ಅಂತ ಹಾಕಿದ್ದೀನಿ" ಎಂದಳು. "ಮುಂದೆ ಹೆಂಡತಿ ಹೆಸರು ಸೇರಿಸ್ಬೇಕು ಅಂದ್ರೆ ಇಷ್ಟೂ ಮತ್ತೆ ಮೊದಲಿಂದ ಮಾಡ್ಬೇಕು."

"ಆಗ್ಲೂ ನೀವೇ ತುಂಬಿಸ್ಕೊಡ್ತೀರಾ?"

"ಇನ್ಯಾರು? ನನ್ನ ಹೆಸರನ್ನ ನಾನೇ ಬರೀಬೇಕು" ಎಂದು ಅವಳು ಮೊದಲ ಸಲ ಅವನತ್ತ ತಿರುಗಿ ನಕ್ಕಳು.