ಅಂಗಾಲಿನ ಬಾಸುಂಡೆ

ಜುಲೈ ಒಂಬತ್ತರ ಬೆಳಗ್ಗೆ ರಾಮಮೂರ್ತಿ ನಗರದ ಬೈರಮ್ಮ ಐದನೇ ಕ್ಲಾಸಿನ ಮೊಮ್ಮಗ ಲಿಖಿತ್‌ನನ್ನು ಆಟೋದಿಂದ ಎತ್ತಿಕೊಂಡೇ ಠಾಣೆಗೆ ಬಂದರು. ಹುಡುಗ ನೆಲಕ್ಕೆ ಕಾಲೂರುತ್ತಿರಲಿಲ್ಲ. ಹಿಂದಿನ ದಿನ ಟೀಚರ್ ಸೌಂದರ್ಯಾ ತರಗತಿಯಲ್ಲೇ ಅಂಗಾಲಿಗೆ ಕೋಲಿನಿಂದ ಹೊಡೆದರೆಂದು ದೂರಿನಲ್ಲಿತ್ತು.

"ಇವತ್ತೇ ಎಫ್‌ಐಆರ್ ಹಾಕಿ. ಆ ಟೀಚರಮ್ಮನ ಕೆಲಸ ಹೋಗ್ಬೇಕು," ಎಂದರು ಬೈರಮ್ಮ.

ಇನ್‌ಸ್ಪೆಕ್ಟರ್ ಪದ್ಮಶ್ರೀ ಹುಡುಗನನ್ನು ಆಸ್ಪತ್ರೆಗೆ ಕಳಿಸಿದರು. ಇಂಥ ದೂರುಗಳಲ್ಲಿ ಎಫ್‌ಐಆರ್‌ಗೆ ಮುಂಚೆ ಹದಿನಾಲ್ಕು ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಹೊಸ ಕಾನೂನಿನಲ್ಲಿ ಅವಕಾಶವಿತ್ತು. ಎಸಿಪಿಯ ಅನುಮತಿ ಪಡೆದು ಕಾನ್‌ಸ್ಟೇಬಲ್ ಈರೇಶನೊಂದಿಗೆ ಶಾಲೆಗೆ ಹೊರಟರು.

ಎಫ್‌ಐಆರ್ ಆದ ದಿನವೇ ಮನೆಗೆ ಕಳಿಸುವುದಾಗಿ ಶಾಲೆಯವರು ಸೌಂದರ್ಯಾಗೆ ಹೇಳಿಯಾಗಿತ್ತು. ಯಾದಗಿರಿಯಿಂದ ಬಂದ ಆಕೆಗೆ ಇದು ಮೊದಲ ಕೆಲಸ.

"ಹೊಡೆದ್ರಾ?"

"ಇಲ್ರೀ ಮೇಡಂ. ಭಾಳ ಗದ್ದಲ ಮಾಡ್ದ, ಹತ್ತು ನಿಮಿಷ ಹೊರಗ ನಿಂದ್ರಿಸಿದೆ. ಅಷ್ಟ."

ಪದ್ಮಶ್ರೀ ಮಕ್ಕಳತ್ತ ತಿರುಗಿದರು. "ಮಿಸ್ ನಿನ್ನೆ ಲಿಖಿತ್ ಹತ್ರ ಶೂ ಬಿಚ್ಚಿಸಿದ್ರಾ?"

ಇಡೀ ಕ್ಲಾಸು ನಕ್ಕಿತು. "ಕ್ಲಾಸಲ್ಲಿ ಶೂ ಯಾರ್ ಬಿಚ್ತಾರೆ ಮೇಡಂ? ಅವನ ಸಾಕ್ಸ್ ವಾಸ್ನೆಗೆ ನಾವೆಲ್ಲ ಸತ್ತೋಗ್ತೀವಿ," ಎಂದಳು ಮೊದಲ ಬೆಂಚಿನ ಮೋನಿಷಾ.

ಜೀಪಿನಲ್ಲಿ ಪದ್ಮಶ್ರೀ ಕೇಳಿದರು, "ಈರೇಶ, ಹುಡುಗ್ರು ಬರಿಗಾಲಲ್ಲಿ ಎಲ್ಲೆಲ್ಲಿ ಕೂತ್ಕೊತಾರೆ?"

"ಮನೇಲಿ, ದೇವಸ್ಥಾನದಲ್ಲಿ..." ಈರೇಶ ಯೋಚಿಸಿದ. "ಟ್ಯೂಷನ್‌ನಲ್ಲಿ ಮೇಡಂ."

ಸಂಜೆ ಮಫ್ತಿಯಲ್ಲಿ ಬೈರಮ್ಮನ ಮನೆಗೆ ಹೋದರು.

"ದೂರು ಯಾರು ಬರ್ದಿದ್ದು ಅಜ್ಜಿ?"

"ಟ್ಯೂಷನ್ ಮೇಷ್ಟ್ರು, ಶ್ರೀನಾಥ್. ಕಾಲು ನೋಡಿ ಪಾಪ ಅವರೇ ಬರ್ಕೊಟ್ರು."

ಅಜ್ಜಿಯ ಸೆರಗು ಹಿಡಿದಿದ್ದ ಲಿಖಿತ್ ಮೆಲ್ಲಗೆ ಬಾಯಿಬಿಟ್ಟ. "ಮಗ್ಗಿ ತಪ್ಪಿದ್ದಕ್ಕೆ ಸಾರ್ ಹೊಡೆದ್ರು. ಮಿಸ್ ಹೆಸರು ಹೇಳ್ದಿದ್ರೆ ಇನ್ನೂ ಹೊಡೀತೀನಿ ಅಂದ್ರು."

ಬೈರಮ್ಮ ಗೋಡೆಗೆ ಒರಗಿದರು. "ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಅಂತ ಟ್ಯೂಷನ್‌ಗೆ ಸೇರಿಸುವಾಗ ನಾನೇ ಹೇಳಿದ್ದೆ ಕಣಮ್ಮ."

ಮರುದಿನ ಶ್ರೀನಾಥ್ ಮೇಲೆ ಎಫ್‌ಐಆರ್ ದಾಖಲಾಯಿತು. ಟ್ಯೂಷನ್ ಕೋಣೆಯ ಚಾಪೆಯಡಿ ಸಿಕ್ಕ ಬೆತ್ತವನ್ನು ಪಂಚನಾಮೆ ಮಾಡಿ ವಶಪಡಿಸಿಕೊಂಡರು. ಮಗುವನ್ನು ಬೆದರಿಸಿದ ಕಾರಣ ಆತನನ್ನು ಬಂಧಿಸಲಾಯಿತು.

ಎರಡು ವರ್ಷದ ಹಿಂದೆ ಶ್ರೀನಾಥ್ ಅದೇ ಶಾಲೆಯಲ್ಲಿ ಟೀಚರ್. ಮಗನಿಗೆ ಹೊಡೆದರೆಂದು ಒಬ್ಬ ಪೋಷಕರ ದೂರು ಬಂದ ಸಂಜೆಯೇ ಗೇಟಿನಿಂದ ಹೊರಗೆ ಹಾಕಿದ್ದರು. ಆ ಜಾಗಕ್ಕೆ ಬಂದವರೇ ಸೌಂದರ್ಯಾ.

"ಆ ಟೀಚರಮ್ಮನಿಗಾದ್ರೆ ವಿಚಾರಣೆ," ಎಂದ ಶ್ರೀನಾಥ್. "ನನ್ನ ಒಂದು ಮಾತೂ ಯಾರೂ ಕೇಳ್ಲಿಲ್ಲ."

"ಆವತ್ತು ಆ ಹುಡುಗನಿಗೆ ಹೊಡೆದಿದ್ರಾ?"



"ಇಲ್ಲ ಮೇಡಂ. ಆಗ ನಾನು ಯಾರಿಗೂ ಹೊಡೀತಿರ್ಲಿಲ್ಲ."