ಖಾಸಬಾಗದ ಮೊದಲ ಚುಕ್ಕೆ

"ಗಂಟು ಹೊತ್ತು ಈ ಗೆರಿ ಹಿಡದು ಹೋಗಬ್ಯಾಡ್ರಿ, ಸಾಹೇಬ್ರ. ಕಡೀ ಕಲ್ಲು ಮುಟ್ಟಿದ ಜಡ್ಡು ಮೊದಲನೇ ಕಲ್ಲಿಗೆ ಹೊಳ್ಳತೈತಿ. ಅಲ್ಲಿ ಯಾರ ಮನಿ ಐತಿ, ನೋಡೀರೇನು?"

ಖಾನಾಪುರದ ಗಡಿಕಲ್ಲಿನ ಬಳಿ ಬೇವಿನ ಸೊಪ್ಪು ಆರಿಸುತ್ತಿದ್ದ ಮಾಯವ್ವನ ಮಾತಿಗೆ ಅನಿಕೇತ ನಕ್ಕುಬಿಟ್ಟ. ಮೈಸೂರಿನಿಂದ ಬೆಳಗಾವಿಗೆ ಬಂದು ಮೂರೇ ತಿಂಗಳಾದ ಭೂಗೋಳದ ಮೇಷ್ಟ್ರು ಅವನು. ನಾಲ್ಕು ಪುಸ್ತಕ ಓದಿದವನಿಗೆ ಮುದುಕಿಯ ಮಾತು ಯಾವ ಲೆಕ್ಕ!

ನಕಾಶೆ ಕೊಟ್ಟವನು ಸಹೋದ್ಯೋಗಿ ಆಕಾಶ. ಬೆಳಗಾವಿಯ ಖಾಸಬಾಗ, ಖಾನಾಪುರ, ಲೋಂಡಾದ ಕಾಡು: ಮೂರು ಹಳೆಯ ಕಲ್ಲುಗಳು ಒಂದೇ ನೇರಕ್ಕೆ. ಹಿಂದೆ ಜಡ್ಡನ್ನು, ಅಂದರೆ ಕಾಯಿಲೆಯನ್ನು, ಗಂಟು ಕಟ್ಟಿ ಈ ಗೆರೆಯಗುಂಟ ಸೀಮೆ ದಾಟಿಸುತ್ತಿದ್ದರಂತೆ. ಆಕಾಶನ ಮಗಳು ಸಮೃದ್ಧಿಗೆ ಆರು ತಿಂಗಳಿಂದ ಮಾತು ನಿಂತಿತ್ತು.

"ಹ್ಯಾಂಗೂ ಕಲ್ಲು ನೋಡಾಕ ಹೊಂಟೀರಿ, ಈ ಗಂಟು ಲೋಂಡಾದ ಕಲ್ಲಿನ ಮ್ಯಾಲೆ ಬಿಚ್ಚಿಟ್ಟು ಬರ್ರಿ ಸರ್. ನಮ್ಮವ್ವನ ಸಮಾಧಾನಕ್ಕ. ಖಾಸಬಾಗದ ಕಲ್ಲು ಕಡೀಕ ನೋಡೂಣು," ಎಂದು ಕೈ ಹಿಡಿದಿದ್ದ. ಬಾಡಿಗೆ ಮನೆ ಹುಡುಕಿಕೊಟ್ಟ ಗೆಳೆಯ. ಅನಿಕೇತನ ಮಗಳು ಪ್ರಾಚಿಗೆ ಆಕಾಶನ ಹೆಂಡತಿಯೇ ಭಾನುವಾರ ಜಡೆ ಹಾಕಿದ್ದಳು. ಇಲ್ಲ ಎನ್ನುವುದು ಹೇಗೆ?

ಲೋಂಡಾದ ಕಾಡಿನಲ್ಲಿ ನಡುಮಧ್ಯಾಹ್ನವೂ ಮಬ್ಬು. ಕೊಳೆತ ಎಲೆಗಳ ವಾಸನೆ. ಪಾಚಿಗಟ್ಟಿದ ಕಲ್ಲಿನ ಮೇಲೆ ಗಂಟು ಬಿಚ್ಚಿದ. ಸುಟ್ಟ ಕೂದಲಿನ ಘಾಟು ಮೂಗಿಗೆ ಬಡಿಯಿತು. ಅರಿಶಿನ ಮೆತ್ತಿದ ಗೊಂಬೆ. ಬಾಯಿಗೆ ನೀಲಿ ರಿಬ್ಬನ್ ಬಿಗಿದಿತ್ತು. ಪ್ರಾಚಿಯ ರಿಬ್ಬನ್. ಭಾನುವಾರ ಆಕಾಶನ ಮನೆಯಲ್ಲೇ ಕಳೆದದ್ದು.

ಜೀರುಂಡೆಗಳ ಸದ್ದು ಗಪ್ಪನೆ ನಿಂತಿತು.

ಆಕಾಶ ಮೊಬೈಲಿಗೆ ಕಳಿಸಿದ್ದ ನಕಾಶೆ ಹಿಗ್ಗಿಸಿದ. ಖಾಸಬಾಗದ ಚುಕ್ಕೆ. ಅವನದೇ ಓಣಿ. ಅವನದೇ ಬಾಡಿಗೆ ಮನೆ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು. ಪ್ರಾಚಿ ದಿನಾ ಕೂತು ಹಲ್ಲುಜ್ಜುವ ಕಲ್ಲು.

ಅಯ್ಯೋ ಪಾಪಿ! ಮನೆ ಹುಡುಕಿಕೊಟ್ಟಿದ್ದು ಇದಕ್ಕಾ?

ರಿಬ್ಬನ್ ಎಳೆದ. ಬರಲಿಲ್ಲ. ಮತ್ತೆ ಎಳೆದ. ಗೊಂಬೆಯ ಕತ್ತೇ ಕಿತ್ತು ಬಂತು. ಓಡಿದ. ಎಡವಿದ. ಮತ್ತೆ ಓಡಿದ. ಸ್ಟೇಷನ್ನಿನ ಹತ್ತಿರ ನೆಟ್‌ವರ್ಕ್ ಸಿಕ್ಕಿದ್ದೇ ತಡ, ಹೆಂಡತಿಯ ಫೋನು ಬಂತು.

"ರೀ, ಪ್ರಾಚಿ ಬಾಯಿ ತೆಗೀತಾಳೆ, ದನೀನೇ ಬರ್ತಿಲ್ಲ!"

ಆಕಾಶನಿಗೆ ಫೋನು ಹಚ್ಚಿದ. ಅವನು ಬಿಕ್ಕುತ್ತಿದ್ದ. "ತಪ್ಪಾತ್ರಿ ಸರ್... ನನಗೂ ಒಬ್ಬಾಕೆ ಮಗಳು."

ಫೋನಿನಲ್ಲಿ ಅವನ ಹಿಂದಿನಿಂದ ಸಮೃದ್ಧಿ ಮಾತಾಡಿದಳು. ಆರು ತಿಂಗಳ ಮೇಲೆ, ಮೊದಲ ಸಲ. ಬೆಳಗಾವಿಯಲ್ಲೇ ಹುಟ್ಟಿ ಬೆಳೆದ ಹುಡುಗಿಯ ಬಾಯಲ್ಲಿ ಅಪ್ಪಟ ಮೈಸೂರಿನ ಮಾತು. ಪ್ರಾಚಿಯದೇ ದನಿ.

"ಅಪ್ಪಾ, ಮನೆಗೆ ಯಾವಾಗ ಬರ್ತೀಯಾ?"