ತೆರೆದ ಬಾಗಿಲಿನ ಟೇಕ್

ಜೀಪು ಇಳಿಜಾರಿನಲ್ಲಿ ಅಡ್ಡಡ್ಡ ಜಾರುತ್ತ ಬರುತ್ತಿತ್ತು. ಎಲ್ಲರೂ ಚಕ್ರ ನೋಡುತ್ತಿದ್ದರು. ಚಂದ್ರಿಕಾ ಮಾತ್ರ ಡ್ರೈವರ್ ಬದಿಯ ಬಾಗಿಲು ನೋಡುತ್ತಿದ್ದಳು.

ತೆರೆದಿದೆ...

ಒಳಗಿನಿಂದ ಮಂಡಿಯಲ್ಲಿ ಒತ್ತಿ ಹಿಡಿದ ಬಾಗಿಲು, ಗೇಣಗಲ ತೆರೆದೇ ಇತ್ತು. ಜೀಪು ಕೆಸರೆರಚಿ ತಿರುಗಿತು. ಹಿಂದಿನ ಚಕ್ರವೊಂದು ಕಣಿವೆಯಂಚಿನ ಗಾಳಿಯಲ್ಲಿ ಸುತ್ತಿ, ನಿಂತಿತು.

"ಕಟ್," ಎಂದ ನಿರ್ದೇಶಕ ರಂಗಸ್ವಾಮಿ. "ಕಂಟಿನ್ಯೂಟಿ?"

ಒಂದು ಶಾಟಿಗೂ ಇನ್ನೊಂದಕ್ಕೂ ತಾಳೆ ನೋಡುವುದು ಅವಳ ಕೆಲಸ. ಫೋನಿನಲ್ಲಿ ನಿನ್ನೆಯ ಚಿತ್ರ: ಇದೇ ಜೀಪು, ಒಳಗೆ ಹೀರೋ ಮೋಹಿತ್, ಭದ್ರವಾಗಿ ಮುಚ್ಚಿದ ಬಾಗಿಲ ಮೇಲೆ ಅವನ ಮೊಣಕೈ. ಇವತ್ತು ಅದೇ ಜಾಕೆಟ್ ತೊಟ್ಟು ಕೂತವನು ಡ್ಯೂಪ್, ವನಗೂರಿನ ಜೀಪ್ ಡ್ರೈವರ್ ಧರ್ಮ.

"ಓಕೆ ಸರ್," ಎಂದಳು.

ಸುಳ್ಳು ಹೇಳಿದ ಮೇಲೆ ಕೈ ಸುಮ್ಮನಿರಲಿಲ್ಲ. ಕೊಡೆ ಬಿಚ್ಚಿದಳು, ಮಡಚಿದಳು, ಮತ್ತೆ ಬಿಚ್ಚಿದಳು.

ಬಾಳ್ಳುಪೇಟೆಯಿಂದ ಅವಳನ್ನು ಕರೆತಂದ ದಿನ, ಅವಳು ಎಳೆದು ಮುಚ್ಚಿದ್ದ ಬಾಗಿಲನ್ನು ಧರ್ಮ ಇಳಿಜಾರು ಬಂದೊಡನೆ ತೆಗೆಸಿದ್ದ. ಜಾರುವ ದಾರಿಯಲ್ಲಿ ಇಲ್ಲಿನ ಡ್ರೈವರ್‌ಗಳು ಬಾಗಿಲು ಹಾಕುವುದಿಲ್ಲವಂತೆ. ಜೀಪು ಕೈ ತಪ್ಪಿದರೆ ಹಾರಿಕೊಳ್ಳಬೇಕಲ್ಲ. ಆಮೇಲೆ ಸಿನಿಮಾದ ಕಥೆ ಕೇಳಿ ನಕ್ಕಿದ್ದ.

"ಬಾಳ್ಳುಪೇಟೇಲಿ ಜೀಪ್ ಹತ್ತಿ ಒಂದ್ ತಿರುವು ದಾಟಿದ್ರೆ ಎಡಕುಮೇರಿ ಸ್ಟೇಷನ್ನಾ? ರೈಲ್ ಬುಟ್ರೆ ನಡ್ಕಂಡೇ ಹೋಗ್ಬೇಕು ಕಣ್ರೀ ಅಲ್ಲಿಗೆ. ನಿಮ್ ಹೀರೋ ಜೀಪ್‌ಗೆ ರೆಕ್ಕೆ ಐತಾ?"

ಅವತ್ತಿನಿಂದ ಅವಳ ಕಣ್ಣು ಹದ್ದುಮೀರಿತ್ತು. ಹೀರೋನ ಗಾಯದ ಪಟ್ಟಿ ಎಡಗೈಯಿಂದ ಬಲಗೈಗೆ ಹಾರಿದ್ದನ್ನು ಹಿಡಿಯಬೇಕಾದ ಹೊತ್ತಿನಲ್ಲಿ, ಡ್ಯೂಪಿನ ಕತ್ತಿನ ಮೇಲೆ ಒಣಗುತ್ತಿದ್ದ ಕೆಸರನ್ನು ನೋಡುತ್ತ ನಿಂತಿರುತ್ತಿದ್ದಳು.

ಸಂಜೆ ಮಾನಿಟರಿನಲ್ಲಿ ಬಾಗಿಲು ಸಿಕ್ಕಿಬಿತ್ತು. ರಂಗಸ್ವಾಮಿ ಇಡೀ ಯೂನಿಟ್ಟಿನ ಮುಂದೆ ಬೈದ. ಮೋಹಿತ್ ಆಗಲೇ ಊರಿಗೆ ಹೊರಟಾಗಿತ್ತು, ಅವನ ಶಾಟನ್ನು ಮತ್ತೆ ತೆಗೆಯುವಂತಿರಲಿಲ್ಲ. ಬೆಳಿಗ್ಗೆ ಧರ್ಮನೇ ಮತ್ತೆ ಇಳಿಯಬೇಕು, ಬಾಗಿಲು ಮುಚ್ಚಿಕೊಂಡು. ಇನ್ನೊಂದು ತಪ್ಪಾದರೆ ಚಂದ್ರಿಕಾ ಕೆಲಸ ಬಿಟ್ಟು ತನ್ನೂರು ಆಲೂರಿನ ಬಸ್ಸು ಹತ್ತಬಹುದು.

ಟೀ ಕೊಡುವಲ್ಲಿ ಧರ್ಮ ಎದುರಾದ. ನಗು ಇರಲಿಲ್ಲ.

"ಹೀರೋನ ಗುಂಡಿ ಸಡ್ಲಾದ್ರೂ ಕಾಣ್ತೈತೆ ನಿಮ್ಗೆ. ಇಷ್ಟಗಲ ಬಾಗ್ಲು ಕಾಣ್ಲಿಲ್ವಾ? ಬುಡಿ, ಡ್ಯೂಪ್‌ನ ಯಾರ್ ನೋಡ್ತಾರೆ."

ಲೋಟ ಇಟ್ಟು ಹೋಗಿಬಿಟ್ಟ. ಅವನು ಬಿಟ್ಟುಹೋದ ಲೋಟವನ್ನು ಅವಳು ಎತ್ತಿಕೊಂಡಳು. ನಿನ್ನನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲವಲ್ಲ ಮಾರಾಯ...

ಬೆಳಗಾಗುವಷ್ಟರಲ್ಲಿ ಮಳೆ ಬಿದ್ದು ಇಳಿಜಾರು ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ರಂಗಸ್ವಾಮಿ ಬಾಗಿಲು ಕಟ್ಟಲು ತಂತಿಯೊಂದನ್ನು ಅವಳ ಕೈಗೆ ಕೊಟ್ಟ. ಅಭ್ಯಾಸಬಲದಿಂದ ಧರ್ಮ ಮತ್ತೆ ತೆಗೆದಾನು, ಹೊರಗಿನಿಂದ ನೀನೇ ಬಿಗಿ, ಈ ಶಾಟ್ ಸರಿಯಾದರೆ ಮುಂದಿನ ಚಿತ್ರಕ್ಕೂ ನೀನೇ ಎಂದ.

ತಂತಿ ಹಿಡಿದು ಜೀಪಿನ ಬಳಿ ಹೋದಳು. ಧರ್ಮ ತಲೆಯೆತ್ತಲಿಲ್ಲ.

"ನಿನ್ನೆ ಕಂಡಿತ್ತು," ಎಂದಳು.

"ಏನು?"

"ಬಾಗಿಲು. ಶಾಟ್ ಮುಗಿಯೋಕೆ ಮುಂಚೇನೇ."

ಸ್ಟೀರಿಂಗ್ ಮೇಲೆ ತಾಳ ಹಾಕುತ್ತಿದ್ದ ಬೆರಳು ನಿಂತಿತು. "ಮತ್ಯಾಕೆ ಓಕೆ ಅಂದ್ರಿ?"

"ಹೇಳಿದ್ರೆ ನೀವು ಬಾಗಿಲು ಮುಚ್ಕೊಂಡು ಇಳೀಬೇಕಿತ್ತು." ಅವಳು ತಂತಿಯನ್ನು ಬೆರಳಿಗೆ ಸುತ್ತಿದಳು. "ಸಿನಿಮಾ ತಪ್ಪಾಗಿರ್ಲಿ ಧರ್ಮ. ನೀವು ಇಳಿದು ಬರ್ಬೇಕು ನಂಗೆ."

ಅವನು ಸೀಟಿನಲ್ಲೇ ಅವಳತ್ತ ತಿರುಗಿದ. ದೂರದಿಂದ ರಂಗಸ್ವಾಮಿ ಮೈಕಿನಲ್ಲಿ ಅವಸರ ಮಾಡುತ್ತಿದ್ದ.

"ಇಷ್ಟ್ ದಿನ ನನ್ನೇ ನೋಡ್ತಿದ್ರಾ?"

"ಕೆಲಸ ಬಿಟ್ಟು."

ಅವನ ಮುಖದಲ್ಲಿ ಮೊದಲ ದಿನದ ನಗು ಮರಳಿತು. ಕೈಚಾಚಿ, ತಾನೇ ಬಾಗಿಲನ್ನು ಎಳೆದು ಮುಚ್ಚಿಕೊಂಡ.

"ಹಂಗಾದ್ರೆ ಕಟ್ಟಿ. ಹೆಂಗೋ ಇಳಿಸ್ತೀನಿ. ನಿಮ್ ಕೆಲ್ಸ ಉಳೀಲಿ."

ಅವಳು ತಂತಿಯನ್ನು ಹುಲ್ಲಿಗೆಸೆದು, ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು.

"ಕಟ್ಟಲ್ಲ."